ಹಳೇ ಪಿಸಿ, ಹೊಸ ರೂಟರ್ – ಭಾಗ 3: ಕಾರ್ಡ್ ಯಾವ್ದು?

ಡಿಎಂನಲ್ಲಿ ಎಲ್ರೂ ಕೇಳಿದ್ದು ಇದನ್ನೇ, ಹಾಗಾಗಿ ಇವತ್ತು ಪೂರ್ತಿ ಕಾರ್ಡ್ ಪುರಾಣ. 🙏

ರೂಟರ್‌ಗೆ ಎರಡು ಕಾಲು ಬೇಕು. ಒಂದು ಫೈಬರ್ ಡಬ್ಬದ ಕಡೆ, ಇನ್ನೊಂದು ಮನೆ ಕಡೆ. ಮದರ್‌ಬೋರ್ಡ್‌ನಲ್ಲಿ ಒಂದು ಲ್ಯಾನ್ ಪೋರ್ಟ್ ಇದ್ದೇ ಇದೆ, ಬೇಕಿರೋದು ಇನ್ನೊಂದೇ. (ವಿಲ್ಯಾನ್ ಸ್ವಿಚ್ ಇದ್ರೆ ಅದೂ ಬೇಡ. ಆ ಸ್ವಿಚ್‌ಗೆ ದುಡ್ಡು ಯಾರು ಕೊಡ್ತಾರೆ?)

ಯುಎಸ್‌ಬಿ ಅಡಾಪ್ಟರ್ ಅಗ್ಗ, ಲ್ಯಾಪ್‌ಟಾಪ್‌ಗೆ ಓಕೆ. ಆದ್ರೆ ನಮ್ಮನೇಲಿ ಕೆಳಗೆ ಅಪ್ಪನ ಕಿರಾಣಿ ಅಂಗಡಿ, ಮೇಲೆ ತಂಗಿಯ ಆನ್‌ಲೈನ್ ಕ್ಲಾಸ್, ಎರಡಕ್ಕೂ ಒಂದೇ ಲೈನ್. ಸಂಜೆ ಏಳಕ್ಕೆ ಅಡಾಪ್ಟರ್ ಒಂದ್ಸಲ ಅಲುಗಾಡಿ ಕಳಚ್ಕೊಂಡ್ರೆ ಬಿಲ್ಲಿಂಗ್ ನಿಲ್ಲುತ್ತೆ, ಗಿರಾಕಿಗಳು ಹಾಲಿನ ಪ್ಯಾಕೆಟ್ ಹಿಡ್ಕೊಂಡು ನಿಂತಿರ್ತಾರೆ. ಅಪ್ಪ ಮೊದಲೇ "ಇರೋದು ಚೆನ್ನಾಗೇ ಇದೆಯಲ್ಲೋ" ಅಂತಿದ್ರು. ಎರಡನೇ ಚಾನ್ಸ್ ಸಿಗಲ್ಲ.

ಸೋ, ಒಳಗೆ ಕೂರೋ ಕಾರ್ಡೇ. ಅದ್ರಲ್ಲೂ ಹಳೇ ಪಿಸಿಐ ಬೇಡ. ಗಿಗಾಬಿಟ್ ಅಂದ್ರೆ ಸೆಕೆಂಡಿಗೆ 125 ಮೆಗಾಬೈಟ್, ಅದೂ ಎರಡೂ ದಿಕ್ಕಲ್ಲಿ. ಪಿಸಿಐಗೆ ಒಟ್ಟು ಸಿಗೋದೇ 133, ಅದನ್ನೂ ಎಲ್ಲ ಕಾರ್ಡ್‌ಗಳು ಹಂಚ್ಕೋಬೇಕು. ಪಿಸಿಐ ಎಕ್ಸ್‌ಪ್ರೆಸ್‌ನ ಪುಟ್ಟ ಸ್ಲಾಟ್, ಮೊದಲ ತಲೆಮಾರಿನದಾದ್ರೂ, ಒಂದೊಂದು ದಿಕ್ಕಿಗೂ 250 ಕೊಡುತ್ತೆ.

ಇನ್ನು ಇಂಟೆಲ್ ವರ್ಸಸ್ ರಿಯಲ್‌ಟೆಕ್ ಜಗಳ. ನಿಜ ಹೇಳ್ಬೇಕಂದ್ರೆ ನಮ್ಮ 100 ಎಂಬಿಪಿಎಸ್ ಪ್ಲಾನ್‌ಗೆ ರಿಯಲ್‌ಟೆಕ್ 8168 ಧಾರಾಳ ಸಾಕು. ಎರಡರ ಡ್ರೈವರೂ ಲಿನಕ್ಸ್ ಕರ್ನಲ್ ಒಳಗೇ ಇದೆ. ನಾನು ಇಂಟೆಲ್ ಐ210 ಆರಿಸಿದ್ದು ಅದ್ರಲ್ಲಿ ನಾಲ್ಕು ಕ್ಯೂ ಇರೋದಕ್ಕೆ. ಬರೋ ಪ್ಯಾಕೆಟ್‌ಗಳನ್ನ ಪ್ರೊಸೆಸರ್‌ನ ಬೇರೆ ಬೇರೆ ಕೋರ್‌ಗಳಿಗೆ ಹಂಚುತ್ತೆ. ನಾಳೆ ಪ್ಲಾನ್ ದೊಡ್ಡದಾದ್ರೂ ಕಾರ್ಡ್ ಬದಲಿಸೋ ಗೋಜಿಲ್ಲ.

ಎಸ್.ಪಿ. ರೋಡಲ್ಲಿ ಒಬ್ರು ನಾಲ್ಕು ಪೋರ್ಟಿನ ಐ350 ತೋರ್ಸಿ "ಸರ್ವರ್ ಮಾಲು ತಮ್ಮಾ" ಅಂದ್ರು. ಆಸೆ ಆಯ್ತು, ಸುಳ್ಳ್ಯಾಕೆ. ಆದ್ರೆ ಮೂರು ಪೋರ್ಟ್ ಸುಮ್ನೆ ಧೂಳು ತಿನ್ನುತ್ವೆ, ಅದಕ್ಕೆ ಉದ್ದನೆಯ ಸ್ಲಾಟೇ ಬೇಕು, ಮೇಲಾಗಿ ಐ350 ನಕಲಿಗಳೂ ಮಾರ್ಕೆಟಲ್ಲಿವೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬ್ರಾಕೆಟ್ ಅಳತೆನೂ ನೋಡಿ. ಸರ್ವರ್‌ನಿಂದ ಕಿತ್ತಿದ್ದು ಎಷ್ಟೋ ಸಲ ಗಿಡ್ಡ ಬ್ರಾಕೆಟ್, ನಮ್ಮ ಟವರ್ ಕೇಸ್‌ಗೆ ಸ್ಕ್ರೂ ಹತ್ತಲ್ಲ.

(ಬಿಕಾಂ ಬುದ್ಧಿ: ಇನ್‌ಕಮ್ ಟ್ಯಾಕ್ಸಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಡಿಪ್ರಿಸಿಯೇಷನ್. ಹಳೇ ಕಾರ್ಡ್ ಬೆಲೆ ಕೇಳುವಾಗ ನಾನು ಅದನ್ನೇ ಮನಸ್ಸಲ್ಲಿ ಲೆಕ್ಕ ಹಾಕ್ತಿದ್ದೆ 😄)

ಕೊನೇ ಫೋಟೋ 'ಎಲ್‌ಎಸ್‌ಪಿಸಿಐ ಡ್ಯಾಶ್ ಕೆ' ಕೊಟ್ಟಾಗಿನದು. ಕಾರ್ಡ್ ಹೆಸರಿನ ಕೆಳಗೆ 'ಐಜಿಬಿ' ಅಂತಿದೆ ನೋಡಿ, ಅದೇ ಡ್ರೈವರ್. ಭಾಗ 4ರಲ್ಲಿ ಫೈರ್‌ವಾಲ್. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತೆ, ಆವಾಗ್ಲೇ ಲೈನ್ ಬದಲಿಸೋದು.

#ಹಳೇಪಿಸಿ #ಲಿನಕ್ಸ್‌ಕನ್ನಡ