ಮ್ಹೈಸಾಳದಿಂದ ಅಣ್ಣನಿಗೆ

ಮ್ಹೈಸಾಳ, ಮಿರಜ ತಾಲೂಕು
20 ಏಪ್ರಿಲ್ 2022



ಅವ್ವನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ್ದಾರೆ. ಮಿರಜದ ಆಸ್ಪತ್ರೆಯಲ್ಲಿ ಅಥಣಿ, ರಾಯಬಾಗ, ಜತ್ತ ಕಡೆಯವರೇ ತುಂಬಿರುವುದರಿಂದ ಅವಳಿಗೆ ಮಾತಿಗೆ ಬರವಿಲ್ಲ. ಅಲ್ಲಿ ಜನರೇಟರ್ ಇದೆ, ಫ್ಯಾನ್ ನಿಲ್ಲುವುದಿಲ್ಲ. ನಾನು ರಾತ್ರಿ ಮಲಗಲು ಬರುವ ಚಿಗವ್ವನ ಮನೆಯ ಕಥೆ ಬೇರೆ.

ಇಲ್ಲಿ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗಿಗೆ ಸರ್ಕಾರಿ ಹೆಸರು ‘ಭಾರನಿಯಮನ’. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೂ ಕತ್ತಲಾದ ಕೂಡಲೇ ಚಿಗವ್ವನ ಬಾಯಲ್ಲಿ ಬರುವುದು ಮರಾಠಿಯ ‘ಲೈಟ್ ಗೇಲಿ’, ಅಂದರೆ ಕರೆಂಟ್ ಹೋಯಿತು. ಈ ಸಲದ ಮಾರ್ಚ್, 1901ರಲ್ಲಿ ಲೆಕ್ಕ ಇಡತೊಡಗಿದಾಗಿನಿಂದ ದೇಶದಲ್ಲೇ ಅತಿ ಬಿಸಿಯ ಮಾರ್ಚ್. ಬೇಡಿಕೆ ಏರಿತು, ಕಲ್ಲಿದ್ದಲು ಸಾಲಲಿಲ್ಲ. ಎಲ್ಲಿ ಸೋರಿಕೆ ಹೆಚ್ಚೋ, ಬಿಲ್ ವಸೂಲಿ ಕಡಿಮೆಯೋ ಆ ಫೀಡರಿಗೆ ಮೊದಲು ಕತ್ತರಿ. ಬಿಲ್ ತಪ್ಪದೆ ಕಟ್ಟಿದವನ ಮನೆಯೂ ಅದೇ ತಂತಿಯ ಮೇಲಿದ್ದರೆ ಕತ್ತಲೆಯೇ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಹೊಲದ ಪಂಪಿಗೆ ಸರದಿಯ ಮೇಲೆ ಹಗಲು ಎಂಟು ತಾಸು, ಇಲ್ಲವೇ ರಾತ್ರಿ ಹತ್ತು ತಾಸು. ಈಗ ಅದರಲ್ಲೂ ಕಡಿತ. ಮೊನ್ನೆ ಹತ್ತಕ್ಕೆ ಬರಬೇಕಾದ ತ್ರೀ ಫೇಸ್ ಒಂದು ಗಂಟೆಗೆ ಬಂತು. ಕಾಕಾ ಬ್ಯಾಟರಿ ಹಿಡಿದು ಕಬ್ಬಿನೊಳಗೆ ಇಳಿದರು, ಹಿಂದೆ ನಾನೂ ಹೋದೆ. ನೀರು ತಿರುವುವಾಗ ಕಾಲ ಬುಡದಲ್ಲಿ ಏನೋ ಸರಿದುಹೋಯಿತು. ನನ್ನ ಜೀವ ಬಾಯಿಗೆ ಬಂತು. ‘ಲೈಟ್ ಬಂದಾಗ ಬರೂದು, ಅದಕ್ಕೇನು ಹಗಲು ರಾತ್ರಿ ಐತಿ?’ ಅಂದರು ಕಾಕಾ. ಅವರಿಗೆ ಅರವತ್ತೆಂಟು.

ಬೆಳಿಗ್ಗೆ ಹೊಳೆಗೆ ಹೋಗಿದ್ದೆ. ಇಲ್ಲಿಂದಲೇ ಕೃಷ್ಣೆಯನ್ನು ಪಂಪುಗಳು ಹಂತಹಂತವಾಗಿ ಮೇಲೆತ್ತಿ ಕವಠೆ ಮಹಾಂಕಾಳ, ಜತ್ತದ ಬರದ ನೆಲಕ್ಕೆ ಕಳಿಸುತ್ತವೆ. ಕರೆಂಟ್ ಬಿಲ್ ಬಾಕಿ ಉಳಿದು ಆ ಪಂಪುಗಳೇ ನಿಂತ ಬೇಸಿಗೆಗಳೂ ಆಗಿವೆ. ಇದೇ ಹೊಳೆಗೆ ಕರಾಡದಲ್ಲಿ ಕೊಯ್ನಾ ಸೇರುತ್ತದೆ. ಕೊಯ್ನಾ ಅಣೆಕಟ್ಟಿನಲ್ಲಿ ಸುಮಾರು 105 ಟಿಎಂಸಿ ನೀರು ಹಿಡಿಯುತ್ತದೆ; ಅದರಲ್ಲಿ ವರ್ಷಕ್ಕೆ 67.5 ಟಿಎಂಸಿಯನ್ನು ಸುರಂಗದಲ್ಲಿ ಸಹ್ಯಾದ್ರಿಯಾಚೆ ಇಳಿಸಿ ವಿದ್ಯುತ್ ಮಾಡಲು ಬಚಾವತ್ ಆಯೋಗದ ಒಪ್ಪಿಗೆಯಿದೆ. ಆ ನೀರು ಕೊಂಕಣದ ವಾಶಿಷ್ಠಿ ನದಿಗೆ ಬಿದ್ದು ಸಮುದ್ರ ಸೇರುತ್ತದೆ, ತಿರುಗಿ ಬರುವುದಿಲ್ಲ. ಪಶ್ಚಿಮಕ್ಕೆ ಬಿಟ್ಟರೆ ಕರೆಂಟ್, ಪೂರ್ವಕ್ಕೆ ಬಿಟ್ಟರೆ ಸಾಂಗ್ಲಿಗೂ ನಮ್ಮ ಅಥಣಿಗೂ ಹೊಳೆ. ಬೇಸಿಗೆಯಲ್ಲಿ ನಮ್ಮವರು ಕೊಯ್ನಾ ನೀರು ಬಿಡಿ ಎಂದು ಕೇಳುವಾಗ ಎಂಥ ತಕ್ಕಡಿಯ ಮುಂದೆ ನಿಂತಿರುತ್ತಾರೆಂಬುದು ನನಗೆ ಇಲ್ಲಿ ನಿಂತ ಮೇಲೆ ತಿಳಿಯಿತು.

ಇಂಥ ಕಡಿತ ಇಲ್ಲಷ್ಟೇ ಅಲ್ಲ; ಶ್ರೀಲಂಕಾದಲ್ಲಿ ಕಳೆದ ತಿಂಗಳ ಕೊನೆಗೆ ದಿನಕ್ಕೆ 13 ತಾಸು ಕತ್ತಲೆ. ದಕ್ಷಿಣ ಆಫ್ರಿಕಾದಲ್ಲೂ ಹದಿನಾಲ್ಕು ವರ್ಷಗಳಿಂದ ಲೋಡ್ ಶೆಡ್ಡಿಂಗ್ ಬಂದು ಹೋಗುತ್ತಲೇ ಇದೆ; ಆದರೆ ಯಾವ ಬಡಾವಣೆಗೆ ಯಾವ ಹೊತ್ತಿಗೆ ಎಂಬ ಪಟ್ಟಿ ಮೊದಲೇ ಹೊರಡುತ್ತದೆ. ನಮ್ಮ ರೈತರಿಗೆ ಅಷ್ಟಾದರೂ ಸಿಗಬೇಕು.

ಅಣ್ಣಾ, ನಮ್ಮಲ್ಲೂ ಏಳು ತಾಸಿನ ತ್ರೀ ಫೇಸಿಗೆ ನೀನು ನಡುರಾತ್ರಿ ಒಬ್ಬನೇ ಏಳುತ್ತೀ. ಇನ್ನು ಮೇಲೆ ಒಬ್ಬನೇ ಹೋಗಬೇಡ. ಮಿರಜದಲ್ಲಿ ನಿನ್ನ ಅಳತೆಯ ಗಮ್ ಬೂಟು ಕೊಂಡಿದ್ದೇನೆ, ಶನಿವಾರ ತರುತ್ತೇನೆ. ಹಗಲು ಹೊತ್ತು ಕರೆಂಟ್ ಕೊಡಿ ಎಂಬ ಅರ್ಜಿ ಬರೆದಿಟ್ಟಿದ್ದೇನೆ. ಊರಿನ ಪಂಪ್‌ಸೆಟ್ಟಿನವರ ಸಹಿ ನೀನು ಹಾಕಿಸು.

ನಿನ್ನ ತಮ್ಮ