ಅಜ್ಜ ಎದ್ದು ಕೂತರೂ 108ಕ್ಕೆ ಫೋನ್ ಮಾಡಿ

ಮರಳವಾಡಿ ಕಡೆ ಸಂಜೆ ಡೈರಿಗೆ ಹಾಲು ಹಾಕಿ ರಸ್ತೆ ಅಂಚಿನಲ್ಲೇ ನಡೆದು ಬರುವ ಹಿರಿಯರನ್ನು ಕಂಡಾಗಲೆಲ್ಲ ಜೀವ ಅಳುಕುತ್ತದೆ. ಬೈಕ್ ತಗುಲಿ ಬಿದ್ದರೂ 'ಏನೂ ಆಗಿಲ್ಲ ಬುಡಪ್ಪ' ಅಂತ ಎದ್ದು ಕೂರುತ್ತಾರೆ. ನಾವು ನೀರು ಕುಡಿಸಿ ಮನೆಗೆ ಬಿಟ್ಟು ಬರುತ್ತೇವೆ. ಅಪಾಯ ಇರುವುದೇ ಅಲ್ಲಿ. ವಯಸ್ಸಾದವರ ತಲೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ದಿನಗಳಾದ ಮೇಲೆ ಗೊತ್ತಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ಪೆಟ್ಟೂ ದೊಡ್ಡದು. ಕೆಲವು ಬಿಪಿ ಮಾತ್ರೆ ತಗೊಳ್ಳುವವರ ನಾಡಿಯಂತೂ ಒಳಗೆ ರಕ್ತ ಸೋರುತ್ತಿದ್ದರೂ ಸರಿಯಾಗೇ ಇದ್ದಂತೆ ತೋರಬಹುದು.

ಖರ್ಚಿಗೆ ಹೆದರಿ ಸುಮ್ಮನಾಗುವವರೂ ಇದ್ದಾರೆ. 2016ರಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ತುಂಡಾದರೂ ಅಂಗಾಂಗ ದಾನ ಮಾಡಿಸಿ ಎಂದು ಬೇಡಿಕೊಂಡ ಹರೀಶ್ ಹೆಸರಲ್ಲಿ ರಾಜ್ಯ ಸರ್ಕಾರ ಅದೇ ವರ್ಷ ಯೋಜನೆ ತಂದಿತು: ಮೊದಲ 48 ಗಂಟೆ, 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತ. 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷದವರೆಗೆ. ಇದು ಹಳ್ಳಿಹಳ್ಳಿಯ ಗೋಡೆ ಮೇಲೆ ಬರೆದಿರಬೇಕಿತ್ತು. ಗಾಯಾಳುವನ್ನು ಕರೆತಂದವರನ್ನು ಸಾಕ್ಷಿ ಹೇಳಲು ಪೊಲೀಸರು ಬಲವಂತ ಮಾಡುವಂತಿಲ್ಲ, ಕಾನೂನೇ ಇದೆ.

ಬಿದ್ದವರು ಬೇಡ ಅಂದರೂ 108ಕ್ಕೆ ಫೋನ್ ಮಾಡಿ. ಜೊತೆಗೆ ಅವರ ಮಾತ್ರೆ ಚೀಟಿ ಕಳಿಸಿ, ತಲೆ ಸ್ಕ್ಯಾನ್ ಬೇಕೇ ಅಂತ ವೈದ್ಯರನ್ನು ಕೇಳಿ.