ಕಡಲ ತಳದ ಜಾಲಿ

ಬಳ್ಳಾರಿಯಿಂದ ಕುರುಗೋಡಿನ ಕಲ್ಲುಗುಡ್ಡಗಳತ್ತ, ಅಲ್ಲಿಂದ ಸಿರುಗುಪ್ಪದ ಭತ್ತದ ಬಯಲಿನತ್ತ ಸಾಗುವವರಿಗೆ ಹಾದಿಯುದ್ದಕ್ಕೂ ಜೊತೆಗಾರನಂತೆ ಕಾಣಿಸುವುದು ಒಂದು ಮುಳ್ಳಿನ ಗಿಡ. ಜನರು ಅದನ್ನು ಬಳ್ಳಾರಿ ಜಾಲಿಯೆನ್ನುತ್ತಾರೆ. ಹೆಸರು ಬಳ್ಳಾರಿಯದಾದರೂ ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತಂದ ಈ ಗಿಡದ ಕಾಯಿಗಳನ್ನು ಮೇಕೆಗಳು ತಿಂದವು. ಬೀಜವನ್ನು ಊರೂರಿಗೆ ಬಿತ್ತಿದವು. ಬಡವರ ಒಲೆಯನ್ನು ಅದು ಉರಿಸಿದೆ, ನಿಜ. ಆದರೆ ಅದು ದಟ್ಟವಾಗಿ ಹಬ್ಬಿದ ಕಡೆ ಹುಲ್ಲು ಸಹ ಏಳದು.

ಇಂತಹ ಆಕ್ರಮಣವು ಕಡಲಿನ ತಳದಲ್ಲಿಯೂ ನಡೆಯುತ್ತದೆ. ಬಳ್ಳಾರಿಗೂ ಕಡಲಿಗೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಕಾರವಾರದ ತೀರವೇ ನೇರ ಗೆರೆಯಲ್ಲಿ ಸುಮಾರು 300 ಕಿಲೋಮೀಟರ್ ದೂರ. ಆದರೂ ಸಂಬಂಧವುಂಟು. 2010ರಲ್ಲಿ ರಾಜ್ಯ ಸರಕಾರವು ರಫ್ತನ್ನು ನಿಲ್ಲಿಸುವವರೆಗೆ ಸಂಡೂರು ಮೊದಲಾದ ಕಡೆಯ ಕಬ್ಬಿಣದ ಅದಿರು ಬೇಲೆಕೇರಿ, ಮಂಗಳೂರು ಬಂದರುಗಳಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಅದಿರನ್ನು ಒಯ್ಯಲು ಬರುವ ಹಡಗು ಬರಿದಾಗಿರುತ್ತದೆ. ಬರಿದಾದ ಹಡಗು ಅಲೆಗಳಿಗೆ ಸಿಕ್ಕಿ ಮಗುಚದಂತೆ, ಹೊರಡುವ ಬಂದರಿನ ನೀರನ್ನೇ ಅದರ ತೊಟ್ಟಿಗಳಿಗೆ ತುಂಬುವರು. ಸರಕು ಏರುತ್ತಿದ್ದಂತೆ ಆ ನೀರನ್ನು ಹೊರಚೆಲ್ಲುವರು. ಅದರೊಡನೆ ಕಣ್ಣಿಗೆ ಕಾಣದ ಚಿಪ್ಪುಜೀವಿಗಳ ಮರಿಗಳು ಟಿಕೀಟಿಲ್ಲದ ಪ್ರಯಾಣಿಕರಂತೆ ಬಂದಿಳಿಯಬಲ್ಲವು.

ಹೀಗೆ ಬಂದಿಳಿದ ಅತಿಥಿ ಏನು ಮಾಡಬಲ್ಲುದೆಂಬುದನ್ನು ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಕಾಣಬಹುದು. ಮರಳಿನೊಳಗೆ ಹುದುಗಿ ಬಾಳುವ ಮರುವಾಯಿ, ಕಲ್ಲಿಗೂ ಹಗ್ಗಕ್ಕೂ ಅಂಟಿಕೊಳ್ಳುವ ಹಸಿರು ಬಣ್ಣದ ಪಚ್ಚಿಲೆ, ಇವೆರಡೂ ಅಲ್ಲಿನ ಮೂಲ ನಿವಾಸಿಗಳು. ಬೆಸ್ತರ ಅನ್ನವೂ ಹೌದು. ಅಲ್ಲಿನ ಮರುವಾಯಿ ಮೀನುಗಾರಿಕೆಗೆ 2014ರಲ್ಲಿ, ಭಾರತದಲ್ಲಿಯೇ ಮೊದಲಾಗಿ, ಸಮುದ್ರವನ್ನು ಕೆಡಿಸದೆ ನಡೆಯುವ ಕಸುಬೆಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆತಿತ್ತು. 2019ರ ವೇಳೆಗೆ ಚಾರು ಎಂಬ ಪರದೇಶಿ ಚಿಪ್ಪು ಅಲ್ಲಿ ರಾಶಿರಾಶಿಯಾಗಿ ಕಂಡುಬಂದಿತು. ಇದರ ತವರೂ ಜಾಲಿಯ ತವರೇ! ಹಡಗುಗಳೊಡನೆ ಬಂದಿರಬೇಕೆಂಬುದು ತಜ್ಞರ ಊಹೆ. ಬೆರಳುದ್ದವೂ ಇಲ್ಲದ ಈ ಜೀವಿ ರೇಷ್ಮೆಯಂತಹ ಎಳೆಗಳಿಂದ ಕಲ್ಲು, ಕಂಬ, ಹಗ್ಗಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದರ ಮೇಲೊಂದು ಕುಳಿತು ಕಂಬಳಿ ಹೊದಿಸಿದಂತೆ ತಳವನ್ನು ಮುಚ್ಚುತ್ತದೆ. ಹೊದಿಕೆಯಡಿ ಕೆಸರು ನಿಂತರೆ ಮರಳಿನ ಜೀವಿಗಳಿಗೆ ಉಸಿರಾಟವೇ ಕಷ್ಟ. ಮಳೆಗಾಲದ ಸಪ್ಪೆ ನೀರನ್ನೂ ಬೇಸಗೆಯ ಉಪ್ಪು ನೀರನ್ನೂ ಚಾರು ತಾಳಿಕೊಳ್ಳಬಲ್ಲುದು. ಪಚ್ಚಿಲೆಗೆ ಸಪ್ಪೆ ನೀರು ಅಷ್ಟಾಗಿ ಒಗ್ಗದು. ಪಚ್ಚಿಲೆಯನ್ನು ಬೆಳೆಸಲು ಇಳಿಬಿಟ್ಟ ಹಗ್ಗಗಳ ಮೇಲೆ ಚಾರುವೇ ನೆಲೆಸಿತು. ಬೆಳೆಗಾರರು ಪೈರಿನ ಬದಲು ಕಳೆಯನ್ನು ಕೊಯ್ದಂತಾಯಿತು.

ಇದನ್ನು ಹೊರದೂಡಲಾಗದೆ? 1999ರಲ್ಲಿ ಆಸ್ಟ್ರೇಲಿಯದ ಡಾರ್ವಿನ್ ನಗರದಲ್ಲಿ ಇನ್ನೊಂದು ಪರದೇಶಿ ಚಿಪ್ಪು ಕಂಡೊಡನೆ ದೋಣಿನಿಲ್ದಾಣಗಳ ಬಾಗಿಲು ಮುಚ್ಚಿ, ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿದರು. ಚಿಪ್ಪು ಅಳಿಯಿತು, ಅದರೊಡನೆ ಆ ನೀರಿನ ಮಿಕ್ಕ ಜೀವಿಗಳೂ ಸತ್ತವು. ಕಡಲಿಗೆ ತೆರೆದ ಅಷ್ಟಮುಡಿಗೆ ಬಾಗಿಲೆಲ್ಲಿದೆ? ತೊಟ್ಟಿಯ ನೀರನ್ನು ನಡುಗಡಲಿನಲ್ಲಿ ಬದಲಾಯಿಸಬೇಕು ಅಥವಾ ಶುದ್ಧಿಗೊಳಿಸಿ ಚೆಲ್ಲಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವು 2004ರಲ್ಲಿ ಆಗಿ, 2017ರಲ್ಲಿ ಜಾರಿಗೆ ಬಂದಿತು.

ಹಾಗೆಂದು ಚಾರುವನ್ನು ದುಷ್ಟನೆನ್ನುವುದು ತರವಲ್ಲ. ತವರಿನಲ್ಲಿ ಅದಕ್ಕೂ ಶತ್ರುಗಳುಂಟು, ಮಿತಿಯುಂಟು. ಅಷ್ಟಮುಡಿಯಲ್ಲಿ ಸೋತ ಪಚ್ಚಿಲೆಯೇ 1999ರಲ್ಲಿ ಅಮೆರಿಕದ ಫ್ಲಾರಿಡಾ ತೀರದ ಟ್ಯಾಂಪಾ ಕೊಲ್ಲಿಯ ವಿದ್ಯುತ್ ಸ್ಥಾವರದ ನೀರಿನ ಕೊಳವೆಗಳಲ್ಲಿ ಕಾಣಿಸಿಕೊಂಡು, ಅಲ್ಲಿನ ಸಿಂಪಿಗಳ ದಿಬ್ಬಗಳನ್ನು ಆಕ್ರಮಿಸಿತು.